ಕರೆಂಟು ಬರೋದಕ್ಕಿಂತ ಮುಂಚಿನ ಮನೆ, ಕರೆಂಟು ಹೋದ ಮೇಲಿನ ಮನೆ

ಮೃಗಶಿರ ಮುಗೀತಾ ಬಂತು. ಮೊದಲ ಸುತ್ತು ಬೋರ್ಡೋ ಹೊಡೆದು ಮುಗಿಸಿದವರು ಪುಣ್ಯವಂತರು, ಉಳಿದವರು ಆಕಾಶ ನೋಡ್ತಾ ಕೂತಿದ್ದೇವೆ. ಹೋದ ವಾರದ ಗಾಳಿಗೆ ನಮ್ಮ ಲೈನಿನ ಮೇಲೆ ಮತ್ತಿ ಮರ ಮಲಗಿ ಮೂರು ದಿನ ಕತ್ತಲೆ. ಇದಿನ್ನೂ ಶುರು, ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲಾ ಬಾಕಿ ಇದೆ. ಅಷ್ಟರಲ್ಲಿ ನಾಲ್ಕು ಜನ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, "ಯಾವ ಇನ್ವರ್ಟರ್ ತಗೊಳ್ಳೋದು ಮಾರಾಯ್ರೆ?"

ಉತ್ತರ ಬರೆಯೋಕೆ ಕೂತೆ. ಬರೀತಾ ಬರೀತಾ ಅನ್ನಿಸಿದ್ದು, ನಮ್ಮ ಕಡೆ ಮನೆಗಳು ಹತ್ತು ದಿನದ ಕತ್ತಲೆಗೆ ತಯಾರಾಗೋದು ಹೊಸದೇನಲ್ಲ, ಅದನ್ನು ಮರೆತಿದ್ದು ಮಾತ್ರ ಹೊಸದು. ಹಾಗಾಗಿ ಇನ್ವರ್ಟರ್ ವಿಷಯ ಕೊನೆಗೆ ಬರುತ್ತೆ. ಅವಸರ ಇದ್ದವರು ಕೆಳಗೆ ಹೋಗಿ ಓದಿಕೊಳ್ಳಿ, ಬೇಜಾರಿಲ್ಲ.

ನಮ್ಮ ಅಜ್ಜಿ ಕಾಲ ಲೆಕ್ಕ ಹಾಕ್ತಿದ್ದದ್ದು ಇಸವಿಯಿಂದ ಅಲ್ಲ. "ಚಿಮಣಿ ಎಣ್ಣೆ ಇಲ್ಲದ ವರ್ಷ" ಅಂತ ಒಂದಿತ್ತು. ದೊಡ್ಡಪ್ಪ ಹುಟ್ಟಿದ್ದು ಅದರ ಮುಂದಿನ ವರ್ಷವಂತೆ. ಇದೇನು ಎಣ್ಣೆ ಇಲ್ಲದ ವರ್ಷ ಅಂತ ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಆಮೇಲೆ ಓದಿದಾಗ ತಿಳೀತು. ಆಗ ನಮ್ಮ ದೇಶಕ್ಕೆ ಸೀಮೆಎಣ್ಣೆ ದೊಡ್ಡ ಪ್ರಮಾಣದಲ್ಲಿ ಬರ್ತಿದ್ದದ್ದು ಬರ್ಮಾದಿಂದ. 1942ರ ಮಾರ್ಚಿನಲ್ಲಿ ಜಪಾನಿನವರು ರಂಗೂನಿಗೆ ಬಂದೇ ಬಿಟ್ಟರು ಅನ್ನುವಾಗ, ಬ್ರಿಟಿಷರು ಅಲ್ಲಿನ ಸಿರಿಯಂ ಎಣ್ಣೆ ಶುದ್ಧೀಕರಣದ ಕಾರ್ಖಾನೆಯನ್ನು ತಾವೇ ಸುಟ್ಟು ಹಿಂದೆ ಸರಿದರು. ಅಲ್ಲಿ ಹತ್ತಿದ ಬೆಂಕಿಗೆ ಇಲ್ಲಿ ಘಟ್ಟದ ಮೇಲಿನ ಬುಡ್ಡಿ ದೀಪ ಆರಿತು. ಯಾವ ಯುದ್ಧ, ಯಾವ ಜಪಾನು, ನಮ್ಮಜ್ಜಿ ಆಗ ತೀರ್ಥಹಳ್ಳಿ ಪೇಟೆಯನ್ನೂ ನೋಡಿರಲಿಲ್ಲ.

ಆ ವರ್ಷ ಮನೆಯವರು ಏನು ಮಾಡಿದರು ಅನ್ನೋದನ್ನು ಅಜ್ಜಿ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮೊದಲನೇದು, ಊಟವನ್ನು ಹೊತ್ತು ಮುಳುಗೋ ಮುಂಚೆಗೆ ತಂದುಕೊಂಡರು. ಎರಡನೇದು, ಹಳೇ ಎಣ್ಣೆಗೆ ವಾಪಸ್ ಹೋದರು. ಸೀಮೆಎಣ್ಣೆ ಬಂದು ಹೆಚ್ಚೆಂದರೆ ಎರಡು ತಲೆಮಾರು ಆಗಿತ್ತು, ಹಾಗಾಗಿ ಹಳೇ ವಿದ್ಯೆ ಗೊತ್ತಿದ್ದವರು ಇನ್ನೂ ಮನೆಯಲ್ಲೇ ಇದ್ದರು. ಹರಳೆಣ್ಣೆ ಇತ್ತು. ಬಯಲುಸೀಮೆ ಕಡೆಯಿಂದ ಹೊಂಗೆ ಎಣ್ಣೆ ಬರ್ತಿತ್ತು. ಕರಾವಳಿಯಲ್ಲಿ ಸುರಹೊನ್ನೆ ಎಣ್ಣೆ. ನಮ್ಮ ಕಾಡಲ್ಲಿ ಧೂಪದ ಮರ ಇದೆಯಲ್ಲ, ಅದರ ಬೀಜ ಕುದಿಸಿದರೆ ಬೆಣ್ಣೆ ಹಾಗೆ ಗಟ್ಟಿ ಕೊಬ್ಬು ಬರುತ್ತೆ, ಅದರಲ್ಲಿ ಮೇಣದಬತ್ತಿ ಮಾಡಬಹುದು. ಕೊಟ್ಟಿಗೆಗೆ ಹೋಗೋಕೆ ಸೂಡಿ. ಮಕ್ಕಳಿಗೆ ದೀಪದ ಹತ್ತಿರ ಕೂತು ಓದೋ ಭಾಗ್ಯ ಮಾತ್ರ ಆ ವರ್ಷ ಇರಲಿಲ್ಲ, ಮಾಣಿಗಳಿಗೆ ಅದೇ ಖುಷಿ.

ಅಜ್ಜಿಯ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ದೀಪ ಅಲ್ಲ. ದೀಪ ಒಂದು ಬಿಟ್ಟರೆ ಮನೆಯಲ್ಲಿ ಬೇರೆ ಏನೂ ನಿಲ್ಲಲಿಲ್ಲ. ನೀರು ಅಬ್ಬಿಯಿಂದ ದಬ್ಬೆಯಲ್ಲಿ ತಾನಾಗಿ ಬರ್ತಿತ್ತು. ಅಕ್ಕಿ ಕುಟ್ಟೋದು ಒನಕೆ, ಬೀಸೋದು ಬೀಸುಕಲ್ಲು, ರುಬ್ಬೋದು ಒರಳು. ಬಚ್ಚಲ ಹಂಡೆಗೆ ಸೌದೆ. ಮಳೆಗಾಲದ ನಾಲ್ಕು ತಿಂಗಳಿಗೆ ಅಂತ ಬೇಸಿಗೆಯಲ್ಲೇ ಕಟ್ಟಿಗೆ ಒಟ್ಟಿ, ಅಟ್ಟದ ಮೇಲೆ ಹಪ್ಪಳ ಸಂಡಿಗೆ ಡಬ್ಬ ಏರಿಸಿ, ಭರಣಿಯಲ್ಲಿ ಮಾವಿನಮಿಡಿ ತುಂಬಿ, ಉಪ್ಪು ಬೆಲ್ಲ ಮೆಣಸು ತಂದು ಹಾಕಿ, ಹೊಳೆ ಏರಿ ದಾರಿ ಕಟ್ಟಿದರೂ ಮನೆ ನಡೀತಿತ್ತು. ಅವರಿಗೆ ಇದು 'ತಯಾರಿ' ಅಲ್ಲ, ವರ್ಷದ ಕೆಲಸ.

ಈಗ ಕರೆಂಟಿನ ಕಥೆಗೆ ಬರ್ತೀನಿ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿದ್ದು 1902ರ ಜೂನ್ 30ಕ್ಕೆ. ಸುಮಾರು 92 ಮೈಲಿ ತಂತಿ, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಒಂದು. ಆ ಯೋಜನೆ ಹಿಡಿದು ನಡೆಸಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡೋಕೆ ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ಅಂದರೆ ಗಣಿಗೆ ಬಂದ ಮೂರು ವರ್ಷದ ಮೇಲೆ. ಆ 92 ಮೈಲಿ ತಂತಿಯ ಕೆಳಗೆ ಎಷ್ಟು ಹೊಲ ಗದ್ದೆ ಇತ್ತೋ, ಅಲ್ಲೆಲ್ಲ ಬುಡ್ಡಿ ದೀಪವೇ.

ಒಂದು ಸಂಗತಿ ಗಮನಿಸಿ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕರೆಂಟು ಕಮ್ಮಿಯಾಗುತ್ತೆ. ಗಣಿ ನಿಲ್ಲೋ ಹಾಗಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗೋಕೆ ಇದ್ದ ಕಾರಣಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸೋದೂ ಒಂದು. ಮಂಡ್ಯದ ಕಬ್ಬು ಭತ್ತ ಎಲ್ಲಾ ಸರಿ, ಅದು ಗೊತ್ತಿರೋದೇ. ಆದರೆ ಕರೆಂಟು ಹೋಗಬಾರದು ಅಂತ ನಮ್ಮ ರಾಜ್ಯದಲ್ಲಿ ಆದ ಮೊದಲ ದೊಡ್ಡ ತಯಾರಿ ಕೂಡ ಅದೇ ಕಟ್ಟೆ.

ನಮ್ಮ ಶರಾವತಿ ಕಥೆ ಇನ್ನೂ ಹತ್ತಿರದ್ದು. ಹಿರೇಭಾಸ್ಕರ ಅಣೆಕಟ್ಟು ಕಟ್ಟಿ ಜೋಗದಲ್ಲಿ ಮೊದಲ ಯಂತ್ರ ತಿರುಗಿದ್ದು 1948ರಲ್ಲಿ. ಮೊದಲು ಕೃಷ್ಣರಾಜೇಂದ್ರ ಒಡೆಯರ ಹೆಸರು, ಆಮೇಲೆ ಮಹಾತ್ಮ ಗಾಂಧಿ ಹೆಸರು. 1952ರ ಹೊತ್ತಿಗೆ ಎಂಟು ಯಂತ್ರ, 120 ಮೆಗಾವ್ಯಾಟ್. ಅದು ಸಾಲದೆ ಲಿಂಗನಮಕ್ಕಿ ಬಂತು, 1964ರಲ್ಲಿ. ನೀರು 1,819 ಅಡಿಗೆ ನಿಲ್ಲೋ ಹಾಗೆ ಕಟ್ಟಿದ ಆ ಕಟ್ಟೆ ಹಳೇ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿಹಾಕಿತು. ಬರಗಾಲದ ಬೇಸಿಗೆಯಲ್ಲಿ ಅದು ಮೇಲೆ ಬಂದಾಗ ನೋಡೋಕೆ ಜನ ಜಾತ್ರೆ ಹಾಗೆ ಹೋಗ್ತಾರೆ, ನಾನೂ ಹೋಗಿದ್ದೇನೆ. ಸೈಫನ್ನುಗಳು ಹಾಗೇ ನಿಂತಿವೆ.

ಅದರ ಜೊತೆ ಮುಳುಗಿದ ಸಾಗರ, ಹೊಸನಗರ ಸೀಮೆಯ ಊರುಗಳು ಮಾತ್ರ ಮೇಲೆ ಬಂದರೂ ಯಾರಿಗೂ ಗುರುತು ಸಿಗಲ್ಲ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರ ಸೇರಿ 1,035 ಮೆಗಾವ್ಯಾಟ್. ಒಂದು ಕಾಲಕ್ಕೆ ರಾಜ್ಯದ ಮನೆಮನೆಯ ದೀಪ ಹೆಚ್ಚಿನಂಶ ಇಲ್ಲಿನ ನೀರಿನಿಂದಲೇ ಉರೀತಿತ್ತು. ಗದ್ದೆ ತೋಟ ಬಿಟ್ಟುಕೊಟ್ಟು ಗುಡ್ಡದ ಮೇಲೆ, ಕಾಡಿನ ನಡುವೆ ಮನೆ ಕಟ್ಟಿಕೊಂಡವರು ಆ ದೀಪಕ್ಕೆ ದಶಕಗಟ್ಟಲೆ ಕಾದರು. ತುಮರಿ ಕಡೆಯ ಜನರಿಗೆ ಹಿನ್ನೀರು ದಾಟೋಕೆ ಸೇತುವೆ ಬಂದಿದ್ದೇ 2025ರ ಜುಲೈಯಲ್ಲಿ, ಅಲ್ಲಿಯವರೆಗೆ ಲಾಂಚೇ ಗತಿ. ಇದನ್ನು ಬರೆಯುವಾಗ ಕೈ ಸ್ವಲ್ಪ ಬಿಸಿಯಾಗುತ್ತೆ. ಇರಲಿ, ಮುಂದೆ ಹೋಗೋಣ.

ನಮ್ಮೂರಿಗೆ ಕಂಬ ಬಂದಿದ್ದು ನಾನು ಕನ್ನಡ ಶಾಲೆಯಲ್ಲಿದ್ದಾಗ. ಕರೆಂಟು ಬಂದ ಮೊದಲ ಕಾಲದಲ್ಲಿ ಅದನ್ನು ಯಾರೂ ನಂಬ್ತಿರಲಿಲ್ಲ, ಅದೇ ಒಳ್ಳೇದಿತ್ತು. ಆಗ ರಾಜ್ಯದ ಸ್ವಂತ ವಿದ್ಯುತ್ ಅಂದರೆ ಹೆಚ್ಚುಕಮ್ಮಿ ಪೂರ್ತಿ ನೀರಿನದ್ದೇ, ರಾಯಚೂರಿನ ಕಲ್ಲಿದ್ದಲ ಯಂತ್ರ ಮೊದಲ ಸಲ ತಿರುಗಿದ್ದು 1985ರಲ್ಲಿ. ಮುಂಗಾರು ಕೈಕೊಟ್ಟರೆ ಲಿಂಗನಮಕ್ಕಿ ತುಂಬಲ್ಲ, ತುಂಬದಿದ್ದರೆ ಪವರ್ ಕಟ್. ಹಾಗಾಗಿ ಬಲ್ಬು ಹಾಕಿಸಿದ ಮನೆಯಲ್ಲೂ ಲಾಟೀನು ಒರೆಸಿ, ಬತ್ತಿ ಕತ್ತರಿಸಿ, ಗೂಟಕ್ಕೆ ನೇತು ಹಾಕಿರ್ತಿದ್ದರು. ಸಂಜೆ ಗಾಜು ಒರೆಸೋ ಕೆಲಸ ನನ್ನದೇ. ಮದುವೆ ಮುಂಜಿಗೆ ಗ್ಯಾಸ್‌ಲೈಟ್ ಹೇಳಿಡೋದು ತಪ್ಪುತ್ತಿರಲಿಲ್ಲ. ಗೋಬರ್ ಗ್ಯಾಸ್ ಇದ್ದವರ ಮನೆಯಲ್ಲಿ ಅದಕ್ಕೂ ಒಂದು ಮ್ಯಾಂಟಲ್ ದೀಪ. ಒಂದು ಹೋದರೆ ಇನ್ನೊಂದು.

ಆಮೇಲೆ ಕರೆಂಟು ಸುಧಾರಿಸಿತು. ನಿಜವಾಗಿ ಸುಧಾರಿಸಿದೆ, ಬೈಯೋ ಅಭ್ಯಾಸದಲ್ಲಿ ನಾವು ಅದನ್ನು ಹೇಳಲ್ಲ. ಸುಧಾರಿಸಿದ ಹಾಗೆಲ್ಲ ಮನೆಯಿಂದ ಒಂದೊಂದೇ ವಸ್ತು ಹೊರಗೆ ಹೋಯಿತು. ಒರಳು ಅಂಗಳಕ್ಕೆ ಹೋಗಿ ತುಳಸಿಕಟ್ಟೆ ಪಕ್ಕ ಅಲಂಕಾರ ಆಯಿತು. ಬಾವಿಗೆ ಮೋಟರು ಬಂದ ಮೇಲೆ ರಾಟೆ ತುಕ್ಕು ಹಿಡೀತು, ಸುಮಾರು ಮನೆಗಳಲ್ಲಿ ಬಾವಿಗೆ ಕಾಂಕ್ರೀಟ್ ಮುಚ್ಚಳ ಹಾಕಿಬಿಟ್ಟಿದ್ದಾರೆ, ಕೊಡಪಾನ ಇಳಿಸೋಕೆ ಜಾಗವೇ ಇಲ್ಲ. ಅಬ್ಬಿ ನೀರಿನ ದಾರಿಯಲ್ಲಿ ಈಗ ಜಿಗ್ಗು ಬೆಳೆದಿದೆ. ರೇಷನ್ ಸೀಮೆಎಣ್ಣೆ ನಿಂತಿತು, ಲಾಟೀನು ಗುಜರಿಗೆ ಹೋಯಿತು. ಬಚ್ಚಲಿಗೆ ಗೀಸರ್ ಬಂತು. ಪ್ರತಿಯೊಂದೂ ಒಳ್ಳೇದಕ್ಕೇ ಬಂದಿದ್ದು. ಅಮ್ಮನ ರಟ್ಟೆಗೆ ಕೇಳಿದರೆ ಗ್ರೈಂಡರಿಗೆ ಕೈ ಮುಗೀತಾಳೆ, ಹಳೇ ಕಾಲವೇ ಚೆನ್ನಾಗಿತ್ತು ಅನ್ನೋ ಗಂಡಸರು ಒಂದು ವಾರ ಒರಳು ತಿರುಗಿಸಿ ನೋಡಬೇಕು.

ಆದರೆ ಅಜ್ಜಿ ಕಾಲಕ್ಕೂ ನಮಗೂ ಇಲ್ಲೇ ವ್ಯತ್ಯಾಸ. ಆಗ ಎಣ್ಣೆ ನಿಂತರೆ ಬರೀ ಬೆಳಕು ಹೋಗ್ತಿತ್ತು. ಈಗ ತಂತಿ ಹರಿದರೆ ಬೆಳಕು, ನೀರು, ಹಿಟ್ಟು, ಸ್ನಾನ, ಫೋನು ಎಲ್ಲಾ ಒಟ್ಟಿಗೆ ಹೋಗುತ್ತೆ.

ಫೋನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಬಹಳ ಜನರಿಗೆ ಇದು ಗೊತ್ತಿಲ್ಲ. ಹಳೇ ಲ್ಯಾಂಡ್‌ಲೈನಿಗೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ದೊಡ್ಡ ಬ್ಯಾಟರಿ ಸಾಲು ಇರ್ತಿತ್ತು, 48 ವೋಲ್ಟು, ಅದು ತಾಮ್ರದ ತಂತಿಯಲ್ಲೇ ನಮ್ಮ ಮನೆಗೆ ಬರ್ತಿತ್ತು. ಊರಿಗೆ ಊರೇ ಕತ್ತಲಾದರೂ ಫೋನ್ ತಂತಿ ಹರಿಯದಿದ್ದರೆ ಡಾಕ್ಟರಿಗೆ ಫೋನ್ ಹೋಗ್ತಿತ್ತು. ಈಗಿನ ಫೈಬರಿನಲ್ಲಿ ಬರೋದು ಬರೀ ಬೆಳಕು, ಕರೆಂಟಲ್ಲ. ಮನೆಯ ಪೆಟ್ಟಿಗೆಗೆ ಕರೆಂಟು ಇಲ್ಲದಿದ್ದರೆ ಸತ್ತ ಹಾಗೆ. ಮೊಬೈಲ್ ಟವರಿಗೂ ಬ್ಯಾಟರಿ ಇದೆ, ಆದರೆ ಅದು ಗಂಟೆಗಳ ಲೆಕ್ಕದ್ದು. ಜನರೇಟರಿಗೆ ಡೀಸೆಲ್ ಹಾಕುವವರು ಬರದಿದ್ದರೆ ಮೊದಲ ದಿನವೇ ಸಿಗ್ನಲ್ ಹೋಗುತ್ತೆ. ಲೈನ್ ಹರಿದಿದೆ ಅಂತ ಹೇಳೋಕೂ ಆಗಲ್ಲ.

ದೊಡ್ಡ ಕತ್ತಲೆಯ ಮಾತು ಬಂದರೆ 2012ರ ಜುಲೈ 30 ಮತ್ತು 31 ಹೇಳಲೇಬೇಕು. ಮೊದಲ ದಿನ ಉತ್ತರದ ಗ್ರಿಡ್ ಬಿತ್ತು, ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. 60 ಕೋಟಿಗೂ ಹೆಚ್ಚು ಜನ ಇರೋ ಪ್ರದೇಶ. ರೈಲು ನಡುದಾರಿಯಲ್ಲಿ ನಿಂತವು, ಕಲ್ಲಿದ್ದಲ ಗಣಿಯಲ್ಲಿ ಕೆಲಸಗಾರರು ಸಿಕ್ಕಿಹಾಕಿಕೊಂಡರು. ನಮಗೆ ಏನೂ ಆಗಲಿಲ್ಲ. ನಾವು ಜಾಣರು ಅಂತಲ್ಲ, ದಕ್ಷಿಣದ ಗ್ರಿಡ್ ಆಗ ಉಳಿದ ದೇಶದ ಜೊತೆ ಪೂರ್ತಿ ಬೆಸೆದಿರಲಿಲ್ಲ. ರಾಯಚೂರು–ಸೋಲಾಪುರ ಲೈನ್ ಜೋಡಿಸಿ ದೇಶಕ್ಕೆಲ್ಲ ಒಂದೇ ಗ್ರಿಡ್ ಆಗಿದ್ದು 2013ರ ಡಿಸೆಂಬರ್ 31ಕ್ಕೆ. ಒಂದು ಗ್ರಿಡ್ ಆಗಿದ್ದರಿಂದ ನಮಗೆ ಕೊರತೆ ಬಿದ್ದಾಗ ಉತ್ತರದಿಂದ ಕರೆಂಟು ಬರುತ್ತೆ, ಅದು ದೊಡ್ಡ ಅನುಕೂಲ. ಜೊತೆಗೆ ಅಲ್ಲಿ ಎಡವಿದರೆ ಇಲ್ಲೂ ಬೀಳೋ ಸಾಧ್ಯತೆ ಬಂತು. ಗ್ರಿಡ್ ಪೂರ್ತಿ ಸತ್ತ ಮೇಲೆ ಅದನ್ನು ಎಬ್ಬಿಸೋಕೆ ಮೊದಲು ಬೇಕಾಗೋದು ಜಲವಿದ್ಯುತ್ತೇ. ಕಲ್ಲಿದ್ದಲ ಸ್ಥಾವರ ಶುರುವಾಗೋಕೇ ಹೊರಗಿಂದ ಬಹಳಷ್ಟು ಕರೆಂಟು ಬೇಕು, ನೀರಿನ ಯಂತ್ರ ಸ್ವಲ್ಪದರಲ್ಲೇ ತಿರುಗುತ್ತೆ. ಹೊಳೆ ಮನೆ ಹಿಂದೇನೇ ಇದೆ ಅಂತ ನಮಗೆ ಧೈರ್ಯ ಬೇಡ, 2016ರ ಫೆಬ್ರುವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲೇ ಬೆಂಕಿ ಬಿದ್ದು ಉತ್ಪಾದನೆ ನಿಂತಿತ್ತು.

ಆದರೂ ನನ್ನ ಪ್ರಕಾರ ಮಲೆನಾಡಿನ ಮನೆಗೆ ಗ್ರಿಡ್ಡಿನ ಭಯ ಕಮ್ಮಿ. ನಮ್ಮ ಕಂಟಕ ಇರೋದು ಕಡೇ ಐದು ಮೈಲಿಯಲ್ಲಿ. ಕಾಡಿನ ನಡುವೆ ಬರೋ ಹನ್ನೊಂದು ಕೆವಿ ಲೈನು, ಅದರ ಮೇಲೆ ಬಾಗಿದ ಮರ, ಕೆಸರಲ್ಲಿ ಓರೆಯಾದ ಕಂಬ, ಇಡೀ ಹೋಬಳಿಗೆ ಓಡಾಡೋ ಒಂದಿಬ್ಬರು ಲೈನ್‌ಮನ್‌ಗಳು. 2019ರ ಆಶ್ಲೇಷದಲ್ಲಿ ನಾವೆಲ್ಲ ಅದನ್ನು ನೋಡಿದ್ದೇವೆ. ನಮ್ಮ ಮನೆಗೆ ಒಂಬತ್ತನೇ ದಿನ ಕರೆಂಟು ಬಂತು. ನಮ್ಮ ಕೇರಿಯ ಕೊನೇ ಮನೆಯಲ್ಲಿ ಒಬ್ಬರು ಹಿರಿಯರು ಆಕ್ಸಿಜನ್ ಮಷಿನ್ ಮೇಲಿದ್ದರು. ಇನ್ವರ್ಟರ್ ಮೇಲೆ ಆ ಮಷಿನ್ ನಡೆದಿದ್ದು ಒಂದು ರಾತ್ರಿಯೂ ಪೂರ್ತಿ ಅಲ್ಲ. ಬೆಳಗಿನ ಜಾವ ಅವರ ಮಗ ಟಾರ್ಚ್ ಹಿಡಿದು ನಡೆದೇ ಬಂದರು, ಫೋನ್ ಇರಲಿಲ್ಲವಲ್ಲ. ತೋಟಕ್ಕೆ ಮದ್ದು ಹೊಡೆಯೋ ಹುಡುಗರು ನಾಲ್ಕು ಜನ ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಿದ್ದ ಮರ ದಾಟಿಸಿ, ಆಚೆ ನಿಲ್ಲಿಸಿದ್ದ ಜೀಪಿನಲ್ಲಿ ಪೇಟೆ ಆಸ್ಪತ್ರೆಗೆ ಮುಟ್ಟಿಸಿದರು. ಬದುಕಿಕೊಂಡರು, ಆಮೇಲೆ ಎರಡು ವರ್ಷ ಇದ್ದರು. ಆವತ್ತಿನಿಂದ ನನಗೆ 'ತಯಾರಿ' ಅಂದರೆ ಮೊದಲು ನೆನಪಾಗೋದು ಬಲ್ಬಲ್ಲ, ಆ ಕುರ್ಚಿ.

ಈಗ ಕೇಳಿದ ಪ್ರಶ್ನೆಗೆ ಬರ್ತೀನಿ.

ಇನ್ವರ್ಟರ್ ಕಂಪನಿ ಯಾವುದಾದರೂ ಆಗಲಿ, ಲೆಕ್ಕ ತಿಳ್ಕೊಳ್ಳಿ. 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ 12 ವೋಲ್ಟಿಗೆ ಗುಣಿಸಿದರೆ 1,800 ವ್ಯಾಟ್ ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಆಯುಸ್ಸು ಹೋಗುತ್ತೆ, ಹಾಗಾಗಿ ಕೈಗೆ ಸಿಗೋದು ಸುಮಾರು 1,000 ಅಂದುಕೊಳ್ಳಿ. 9 ವ್ಯಾಟಿನ ನಾಲ್ಕು ಬಲ್ಬು, ವೈಫೈ ಪೆಟ್ಟಿಗೆ ಸೇರಿ 50 ವ್ಯಾಟ್. ಸಂಜೆ ಐದು ಗಂಟೆ ಉರಿಸಿದರೆ 250. ನಾಲ್ಕು ದಿನ ಬರಬೇಕಲ್ಲ, ಯಾಕೆ ಮರುದಿನವೇ ಕುಂಯ್ ಅನ್ನುತ್ತೆ? ಯಾಕಂದರೆ ಏನೂ ಉರಿಯದಿದ್ದಾಗಲೂ ಇನ್ವರ್ಟರ್ ತನ್ನ ಹೊಟ್ಟೆಗೆ ಹತ್ತು ಹದಿನೈದು ವ್ಯಾಟ್ ತಿಂತಾ ಇರುತ್ತೆ. 15 ವ್ಯಾಟ್ ಇಡೀ ದಿನಕ್ಕೆ 360, ದೀಪಕ್ಕಿಂತ ಜಾಸ್ತಿ! ಲೈನ್ ಹರಿದಿದ್ದು ಖಾತ್ರಿಯಾದ ತಕ್ಷಣ ಇನ್ವರ್ಟರಿನ ಸ್ವಿಚ್ಚೇ ಆಫ್ ಮಾಡಿ, ಸಂಜೆ ಹಾಕಿ, ಮಲಗುವಾಗ ಮತ್ತೆ ಆಫ್ ಮಾಡಿ. ಫ್ಯಾನಿನ ಅಗತ್ಯ ಜುಲೈಯಲ್ಲಿ ಯಾರಿಗೂ ಇಲ್ಲ. ಮಿಕ್ಸಿ, ಫ್ರಿಜ್ಜು ಆಸೆ ಬಿಡಿ. ಡಿಸ್ಟಿಲ್ಡ್ ವಾಟರ್ ಮೇ ತಿಂಗಳಲ್ಲೇ ನೋಡಿ ಹಾಕಿರಬೇಕು. ಸೋಲಾರ್ ಪ್ಯಾನೆಲ್ ಒಳ್ಳೇದೇ, ಆದರೆ ನಮ್ಮ ಆಷಾಢದ ಮೋಡದಲ್ಲಿ ಅದನ್ನೊಂದನ್ನೇ ನಂಬಿ ಕೂರಬೇಡಿ.

ಇನ್ವರ್ಟರಿಗಿಂತ ಮೊದಲು ನೀರು. ಅಬ್ಬಿ ಇರುವವರು ಅದರ ದಾರಿ ಬಿಡಿಸಿ, ಒಂದು ಇಂಚಿನ ಕಪ್ಪು ಪೈಪು ಸಾಕು. ಖರ್ಚು ಒಂದು ಸಲದ್ದು, ಮಕ್ಕಳ ಕಾಲಕ್ಕೂ ಬರುತ್ತೆ. ಬಾವಿ ಇರುವವರು ಮುಚ್ಚಳದಲ್ಲಿ ಒಂದು ಕಿಂಡಿ ಬಿಡಿಸಿ ರಾಟೆ ಹಗ್ಗ ಹಾಕಿಡಿ. ಬರೀ ಬೋರ್‌ವೆಲ್ ಇದ್ದವರದ್ದೇ ಕಷ್ಟ, ಅವರಿಗೆ ದೊಡ್ಡ ಟ್ಯಾಂಕು ಬಿಟ್ಟರೆ ಪಕ್ಕದ ಮನೆಯೇ ದಾರಿ, ಈಗಲೇ ಮಾತಾಡಿಕೊಳ್ಳಿ.

ಜನರೇಟರ್ ಇರುವವರಿಗೆ ಎರಡು ಮಾತು ಗಟ್ಟಿಯಾಗಿ ಹೇಳ್ತೀನಿ. ಮಳೆ ಬರುತ್ತೆ ಅಂತ ಅದನ್ನು ಜಗಲಿ ಒಳಗೆ, ಕೋಣೆ ಒಳಗೆ ಇಟ್ಟು ಓಡಿಸಬೇಡಿ. ಅದರ ಹೊಗೆಯಲ್ಲಿ ಇರೋ ವಿಷಕ್ಕೆ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಎರಡನೇದು, ಚೇಂಜ್‌ಓವರ್ ಸ್ವಿಚ್ ಇಲ್ಲದೆ ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟು ಕೊಡೋ ಕಳ್ಳದಾರಿ ಬೇಡವೇ ಬೇಡ. ನಮ್ಮ 230 ವೋಲ್ಟು ಟಿಸಿಗೆ ಉಲ್ಟಾ ಹೋದರೆ ಆಚೆ ಕಡೆ 11,000 ಆಗಿ ಹೊರಡುತ್ತೆ. ಲೈನ್ ಸತ್ತಿದೆ ಅಂತ ನಂಬಿ, ಮಳೆಯಲ್ಲಿ ಕಂಬ ಹತ್ತಿದವನು ನಮಗೆ ದೀಪ ಕೊಡೋಕೆ ಬಂದವನು.

ಸಣ್ಣಪುಟ್ಟದ್ದು: ಎರಡನೇ ಸಿಲಿಂಡರ್ ತುಂಬಿಸಿಡಿ, ಒಂದು ಸೌದೆ ಒಲೆ ಉಳಿಸಿಕೊಳ್ಳಿ. ಮುಖ್ಯ ನಂಬರುಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಕಾರಲ್ಲಿ ಫೋನ್ ಚಾರ್ಜ್ ಮಾಡೋ ವೈರ್ ಇರಲಿ. ಶೆಲ್ಲಿನ ರೇಡಿಯೋ ಇದ್ದರೆ ಎಸೀಬೇಡಿ. ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗೆ ಮುಂಚಿತವಾಗಿ ತಂದಿಡಿ. ಇನ್ಸುಲಿನ್ ಬಳಸುವವರು ಕರೆಂಟು ಇಲ್ಲದಾಗ ಹೇಗಿಡಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿ. ನಮ್ಮ ಕಡೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ ಇಡೋದುಂಟು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಕೇರಿಯವರು ಲೈನ್ ಕೆಳಗಿನ ಜಿಗ್ಗು ಸವರೋಕೆ ಹೋಗ್ತಿದ್ದೇವೆ. ಲೈನ್‌ಮನ್‌ಗೆ ಹೇಳಿದೆ, ಅವರು ಬಂದು ಲೈನ್ ಆಫ್ ಮಾಡಿಸಿದ ಮೇಲೇ ಕತ್ತಿ ಎತ್ತೋದು, ದೊಡ್ಡ ಕೊಂಬೆ ಅವರೇ ನೋಡ್ತಾರೆ. ಯಾವ ಮನೆಯಲ್ಲಿ ಮಷಿನ್ ಮೇಲಿರೋ ರೋಗಿಗಳು, ಬಾಣಂತಿಯರು, ಒಂಟಿ ಇರೋ ಹಿರಿಯರು ಇದ್ದಾರೆ ಅಂತ ಒಂದು ಪಟ್ಟಿ ಆವತ್ತೇ ಮಾಡೋಣ. ಬರುವವರು ಕತ್ತಿ ತನ್ನಿ, ತಿಂಡಿ ನಮ್ಮ ಮನೆಯಲ್ಲಿ. ನಿಮ್ಮ ಮನೆ ಹಿರಿಯರ ಬಾಯಲ್ಲೂ "ಎಣ್ಣೆ ಇಲ್ಲದ ವರ್ಷ"ದ ಕಥೆ ಇದ್ದರೆ ಕೇಳಿಕೊಂಡು ಬನ್ನಿ, ಹೇಳುವವರು ಈಗ ಬಹಳ ಕಮ್ಮಿ ಉಳಿದಿದ್ದಾರೆ.